ಮುರಿದ ಕಾಲಿಗೆ ಮೂರು ಪಂದ್ಯದ ಶಿಕ್ಷೆ: ಫುಟ್‌ಬಾಲ್ ಟ್ಯಾಕಲ್ ನಿಯಮಗಳ ಹಿನ್ನೆಲೆ

1966ರ ಜುಲೈನಲ್ಲಿ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಪೋರ್ಚುಗಲ್‌ನ ರಕ್ಷಣಾ ಆಟಗಾರ ಮೊರೈಸ್, ಚೆಂಡಿನೊಂದಿಗೆ ಮುನ್ನುಗ್ಗುತ್ತಿದ್ದ ಬ್ರೆಜಿಲ್‌ನ ಪೆಲೆ ಅವರನ್ನು ಒಂದೇ ಓಟದಲ್ಲಿ ಎರಡು ಸಲ ಕಾಲಿಗೆ ಬಡಿದು ಕೆಡವಿದರು. ರೆಫರಿ ಮೊರೈಸ್ ಅವರನ್ನು ಹೊರಗೆ ಕಳುಹಿಸಲಿಲ್ಲ. ಬದಲಿ ಆಟಗಾರನನ್ನು ಇಳಿಸಲು ಆಗ ಅವಕಾಶವಿರಲಿಲ್ಲವಾದ್ದರಿಂದ ಪೆಲೆ ಕುಂಟುತ್ತಲೇ ಪಂದ್ಯ ಮುಗಿಸಿದರು. ಬ್ರೆಜಿಲ್ ಸೋತು ಹೊರಬಿತ್ತು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಬದಲಿ ಆಟಗಾರರೂ ಹಳದಿ (ಎಚ್ಚರಿಕೆ), ಕೆಂಪು (ಮೈದಾನದಿಂದ ಹೊರಗೆ) ಕಾರ್ಡುಗಳೂ ಬಂದವು. ಆದರೆ ಕಾರ್ಡಿನ ಯೋಚನೆ ಹೊಳೆದದ್ದು ಪೆಲೆಯ ಗಾಯದಿಂದಲ್ಲ, ಅದೇ ಟೂರ್ನಿಯ ಇಂಗ್ಲೆಂಡ್–ಅರ್ಜೆಂಟಿನಾ ಪಂದ್ಯದಲ್ಲಿ ರೆಫರಿಯ ತೀರ್ಮಾನಗಳು ಆಟಗಾರರಿಗೆ ತಿಳಿಯದೆ ಎದ್ದ ಗೊಂದಲದಿಂದ. ಕಾರ್ಡು ಶಿಕ್ಷೆಯನ್ನು ಕಣ್ಣಿಗೆ ಕಾಣುವಂತೆ ಮಾಡಿತೇ ಹೊರತು, ಎಂಥ ಟ್ಯಾಕಲ್‌ಗೆ, ಅಂದರೆ ಎದುರಾಳಿಯಿಂದ ಚೆಂಡು ಕಸಿಯಲು ಕಾಲು ಹಾಕುವುದಕ್ಕೆ, ಎಷ್ಟು ಶಿಕ್ಷೆ ಎಂಬುದನ್ನು ಬಗೆಹರಿಸಲಿಲ್ಲ.

ಅದು ಬಗೆಹರಿದಿರಲಿಲ್ಲ ಎಂಬುದಕ್ಕೆ 1983ರ ಸೆಪ್ಟೆಂಬರ್ 24ರಂದು ಬಾರ್ಸಿಲೋನಾದ ಕ್ಯಾಂಪ್ ನೋ ಮೈದಾನ ಸಾಕ್ಷಿಯಾಯಿತು. ಅಥ್ಲೆಟಿಕ್ ಬಿಲ್ಬಾವೊ ತಂಡದ ಗೊಯ್ಕೊಯೆಚಿಯಾ ಹಿಂದಿನಿಂದ ಬಂದು ಬಾರ್ಸಿಲೋನಾದ ಮರಡೋನಾ ಅವರ ಪಾದದ ಕೀಲನ್ನು ಮುರಿದರು. ಎರಡು ವರ್ಷ ಮೊದಲು ಇದೇ ಆಟಗಾರನ ಟ್ಯಾಕಲ್‌ನಿಂದ ಬಾರ್ಸಿಲೋನಾದ ಶುಸ್ಟರ್ ಮೊಣಕಾಲಿಗೆ ತೀವ್ರ ಪೆಟ್ಟಾಗಿತ್ತು. ಆದರೂ ಅಂದು ರೆಫರಿ ತೋರಿಸಿದ್ದು ಹಳದಿ ಕಾರ್ಡು ಮಾತ್ರ. ಅನಂತರ ವಿಧಿಸಿದ ದೀರ್ಘ ನಿಷೇಧವೂ ಮೇಲ್ಮನವಿಯಲ್ಲಿ ಕಡಿತಗೊಂಡಿತು.

ಗಾಯಗಳು ಅಲ್ಲಿಗೇ ನಿಲ್ಲಲಿಲ್ಲ: ನೆದರ್ಲೆಂಡ್ಸ್‌ನ ಮಾರ್ಕೊ ವಾನ್ ಬಾಸ್ಟನ್ ಪಾದದ ಗಾಯಗಳಿಂದಾಗಿ 1995ರಲ್ಲಿ, ಕೇವಲ 30ನೇ ವಯಸ್ಸಿಗೆ ನಿವೃತ್ತಿ ಹೇಳಬೇಕಾಯಿತು. ಎದುರಾಳಿಯ ಸುರಕ್ಷತೆಗೆ ಕುತ್ತು ತರುವಂತೆ ಹಿಂದಿನಿಂದ ಮಾಡುವ ಟ್ಯಾಕಲ್‌ಗೆ ನೇರ ಕೆಂಪು ಕಾರ್ಡು ತೋರಿಸಬೇಕೆಂಬ ಕಟ್ಟಪ್ಪಣೆ ಬಂದದ್ದು 1998ರ ವಿಶ್ವಕಪ್ ವೇಳೆಗೆ. ಕೆಲವು ವರ್ಷಗಳ ನಂತರ ‘ಹಿಂದಿನಿಂದ’ ಎಂಬ ಮಿತಿಯನ್ನೂ ತೆಗೆಯಲಾಯಿತು, ಏಕೆಂದರೆ ಎದುರಿನಿಂದ ಬರುವ ಬೂಟೂ ಮೂಳೆ ಮುರಿಯಬಲ್ಲದು.

ತಪ್ಪಾಟಕ್ಕೆ ಶಿಕ್ಷೆ ಹೇಳುವ ಫುಟ್‌ಬಾಲ್‌ನ ಇಂದಿನ 12ನೇ ನಿಯಮದ ಪ್ರಕಾರ, ಎಚ್ಚರ ತಪ್ಪಿದ ಟ್ಯಾಕಲ್‌ಗೆ ಕಾರ್ಡಿಲ್ಲ, ಎದುರಾಳಿಗೆ ಆಗಬಹುದಾದ ಅಪಾಯವನ್ನು ಲೆಕ್ಕಿಸದ ಟ್ಯಾಕಲ್‌ಗೆ ಹಳದಿ, ಅತಿಯಾದ ಬಲ ಬಳಸಿದ ಅಥವಾ ಎದುರಾಳಿಯ ಸುರಕ್ಷತೆಗೆ ಧಕ್ಕೆ ತಂದ ಟ್ಯಾಕಲ್‌ಗೆ ಕೆಂಪು. ಪೆಟ್ಟು ಎಷ್ಟು ಎಂಬುದು ಈ ಅಳತೆಗೋಲಿನಲ್ಲಿ ಎಲ್ಲಿಯೂ ಇಲ್ಲ. 2019ರ ನವೆಂಬರ್‌ನಲ್ಲಿ ಟಾಟನ್‌ಹ್ಯಾಮ್‌ನ ಸನ್ ಹ್ಯೂಂಗ್-ಮಿನ್ ಟ್ಯಾಕಲ್ ಮಾಡಿದಾಗ ಎವರ್ಟನ್‌ನ ಆಂಡ್ರೆ ಗೋಮ್ಸ್ ಆಯತಪ್ಪಿ, ಅವರ ಪಾದ ಭೀಕರವಾಗಿ ತಿರುಚಿಕೊಂಡಿತು. ರೆಫರಿ ಮೊದಲು ಹಳದಿ ಕಾರ್ಡಿನತ್ತ ವಾಲಿದವರು ಕೆಂಪು ಕಾರ್ಡು ತೋರಿಸಿದರು. ಮೇಲ್ಮನವಿಯಲ್ಲಿ ಅದು ರದ್ದಾಯಿತು. ಇದಕ್ಕೆ ತದ್ವಿರುದ್ಧವಾಗಿ, 2010ರ ವಿಶ್ವಕಪ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ನೈಜೆಲ್ ಡಿ ಯೊಂಗ್ ಬೂಟಿನ ಅಡಿಯಿಂದ ಸ್ಪೇನ್‌ನ ಕ್ಸಾಬಿ ಅಲೊನ್ಸೊ ಅವರ ಎದೆಗೇ ಒದ್ದರೂ ಹಳದಿ ಕಾರ್ಡಿನಲ್ಲಿ ಪಾರಾದರು. ಅಲೊನ್ಸೊ ಎದ್ದು ಆಟ ಮುಂದುವರಿಸಿದರು ಎಂಬ ಮಾತ್ರಕ್ಕೆ ಆ ಒದೆತ ಹಗುರವಾಗುವುದಿಲ್ಲ.

ಕೃತ್ಯವನ್ನು ಅಳೆಯಬೇಕು, ಗಾಯವನ್ನಲ್ಲ ಎಂಬ ಈ ತತ್ತ್ವ ನನ್ನ ದೃಷ್ಟಿಯಲ್ಲಿ ಸರಿಯೇ. ಆದರೆ ಗಾಯಗೊಂಡವರ ನಷ್ಟಕ್ಕೆ ಅದರಲ್ಲಿ ಉತ್ತರವಿಲ್ಲ. 2008ರ ಫೆಬ್ರುವರಿ 23ರಂದು ಬರ್ಮಿಂಗ್‌ಹ್ಯಾಮ್ ಸಿಟಿಯ ಮಾರ್ಟಿನ್ ಟೇಲರ್, ಪಂದ್ಯ ಆರಂಭವಾದ ಕೆಲವೇ ನಿಮಿಷಗಳಲ್ಲಿ ಆರ್ಸೆನಲ್‌ನ ಎಡ್ವರ್ಡೊ ಅವರ ಕಾಲು ಮುರಿದು ಕೆಂಪು ಕಾರ್ಡು ಪಡೆದರು. ಟೇಲರ್‌ಗೆ ಮೂರು ಪಂದ್ಯಗಳ ನಿಷೇಧ. ಎಡ್ವರ್ಡೊ ಮೈದಾನಕ್ಕೆ ಮರಳಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಟೇಲರ್ ಇನ್ನೆಂದೂ ಆಡಬಾರದು ಎಂದ ಆರ್ಸೆನಲ್ ಕೋಚ್ ಆರ್ಸೆನ್ ವೆಂಗರ್, ಸಿಟ್ಟು ಇಳಿದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡರು.

ಈ ನಷ್ಟಕ್ಕೆ ಕೆಲವರು ನ್ಯಾಯಾಲಯದಲ್ಲಿ ಪರಿಹಾರ ಹುಡುಕಿದರು. ಚೆಲ್ಸಿಯ ಪಾಲ್ ಎಲಿಯಟ್, ಲಿವರ್‌ಪೂಲ್‌ನ ಡೀನ್ ಸಾಂಡರ್ಸ್ ವಿರುದ್ಧ ಹೂಡಿದ ದಾವೆ 1994ರಲ್ಲಿ ಬಿದ್ದುಹೋಯಿತು. 1997ರ ಫೆಬ್ರುವರಿಯಲ್ಲಿ ಹಡರ್ಸ್‌ಫೀಲ್ಡ್‌ನ ಕೆವಿನ್ ಗ್ರೇ ಅವರ ಟ್ಯಾಕಲ್‌ನಿಂದ ಕಾಲು ಮುರಿದುಕೊಂಡ ಬ್ರಾಡ್‌ಫರ್ಡ್ ಸಿಟಿಯ ಗಾರ್ಡನ್ ವಾಟ್ಸನ್ ಅವರಾದರೋ ಗೆದ್ದರು. ವಿವೇಕವುಳ್ಳ ವೃತ್ತಿಪರ ಆಟಗಾರನಿಗೆ ಇಂಥ ಟ್ಯಾಕಲ್‌ನಿಂದ ಗಂಭೀರ ಗಾಯವಾಗುವ ಸಂಭವ ಗಣನೀಯವಾಗಿದೆ ಎಂದು ತಿಳಿದಿರುತ್ತಿತ್ತೇ ಎಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು. ಹೌದೆಂದ ನ್ಯಾಯಾಲಯ ಗ್ರೇ ಅವರನ್ನಷ್ಟೇ ಅಲ್ಲ, ಅವರಿಗೆ ಸಂಬಳ ಕೊಡುವ ಕ್ಲಬ್ಬನ್ನೂ ಹೊಣೆಯಾಗಿಸಿತು. 1999ರಲ್ಲಿ ನಿಗದಿಯಾದ ಪರಿಹಾರ 9 ಲಕ್ಷ ಪೌಂಡ್ ಮೀರಿತ್ತು.