ಮೂರು ಬಣ್ಣದ ಕೇಕು: ಆಟಗಾರನ ಆಯ್ಕೆಯ ಸುತ್ತ ಹಬ್ಬಿದ ಜಗಳದ ಕಥೆ

2012ರ ಮಾರ್ಚ್‌ನಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿರುವ ವಿಡಿಯೋ ಗೇಮ್ ತಯಾರಿಸುವ ಬಯೋವೇರ್ ಕಂಪನಿಯ ಕಚೇರಿಗೆ ಸುಮಾರು 400 ಕಪ್‌ಕೇಕ್‌ಗಳು ಬಂದಿಳಿದವು. ಕಳುಹಿಸಿದವರು ಸಿಟ್ಟಿಗೆದ್ದ ಅಭಿಮಾನಿಗಳು. ಮೇಲಿನ ಕ್ರೀಮಿನ ಬಣ್ಣ ಕೆಂಪು, ನೀಲಿ, ಹಸಿರು. ಯಾವುದನ್ನು ತಿಂದರೂ ರುಚಿ ಮಾತ್ರ ಒಂದೇ, ವೆನಿಲ್ಲಾ. ಆ ತಿಂಗಳಷ್ಟೇ ಬಿಡುಗಡೆಯಾಗಿದ್ದ ‘ಮಾಸ್ ಎಫೆಕ್ಟ್ 3’ ಗೇಮ್‌ನ ಮುಕ್ತಾಯದ ಬಗ್ಗೆ ಇಷ್ಟು ಚೊಕ್ಕವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂರು ಆಟಗಳು, ಐದು ವರ್ಷ, ಲೆಕ್ಕವಿಲ್ಲದಷ್ಟು ನಿರ್ಧಾರಗಳು. ಇಷ್ಟೆಲ್ಲ ಆದ ಮೇಲೆ ಕೊನೆಗೆ ಮೂರು ದಾರಿ ಎದುರಿಗಿದ್ದವು, ಯಾವುದನ್ನು ಹಿಡಿದರೂ ಎದ್ದು ಕಾಣುತ್ತಿದ್ದ ವ್ಯತ್ಯಾಸವೆಂದರೆ ಸ್ಫೋಟದ ಬೆಳಕಿನ ಬಣ್ಣ.

ಇವತ್ತಿಗೂ ಕಥೆಯನ್ನೇ ನೆಚ್ಚಿಕೊಂಡ ರೋಲ್ ಪ್ಲೇಯಿಂಗ್ ಗೇಮ್ (ಆಟಗಾರನೇ ಕಥೆಯ ಪಾತ್ರವಾಗಿ ಆಡುವ ಆಟ) ಒಂದು ಬಂತೆಂದರೆ ವಿಮರ್ಶಕರು ಅದನ್ನು ಇದೇ ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ: ನಾನು ಮಾಡಿದ ಆಯ್ಕೆಯಿಂದ ಏನಾದರೂ ಬದಲಾಯಿತೇ?

ಈ ನಿರೀಕ್ಷೆಗೆ ಬೀಜ ಬಿದ್ದದ್ದು ಅದಕ್ಕೂ ಬಹಳ ಮೊದಲು. 1997ರ ‘ಫಾಲ್ಔಟ್’ನಲ್ಲಿ ಅಣುಯುದ್ಧದಿಂದ ಸುಟ್ಟುಹೋದ ಕ್ಯಾಲಿಫೋರ್ನಿಯಾದ ನೆಲಮಾಳಿಗೆಯೊಂದರಲ್ಲಿ ನೀರು ಶುದ್ಧೀಕರಿಸುವ ಚಿಪ್ ಕೆಟ್ಟಿರುತ್ತದೆ; ಬದಲಿ ಚಿಪ್ ತರಲು ನಾಯಕನಿಗೆ 150 ದಿನಗಳ ಗಡುವು. ಆಟ ಮುಗಿದಾಗ ಅವನು ಹಾದುಬಂದ ಊರುಗಳ ಗತಿಯನ್ನು ಒಂದೊಂದಾಗಿ ಹೇಳಲಾಗುತ್ತದೆ: ಒಂದು ಸ್ಥಿರಚಿತ್ರ, ಹಿನ್ನೆಲೆಯಲ್ಲಿ ನಾಲ್ಕು ಮಾತು. ಖರ್ಚು ಕಡಿಮೆ, ಪರಿಣಾಮ ದೊಡ್ಡದು. ನಾನು ಬಂದುಹೋದದ್ದು ಈ ಲೋಕಕ್ಕೆ ಗೊತ್ತಿದೆ ಎಂಬ ಭಾವನೆ ಆಟಗಾರನಲ್ಲಿ ಉಳಿಯುತ್ತದೆ.

ಆದರೆ ಸ್ಥಿರಚಿತ್ರದ ಬದಲು ಪ್ರತಿ ಪಾತ್ರಕ್ಕೂ ದನಿ, ಮುಖಭಾವ, ಚಲನೆ ಕೊಡತೊಡಗಿದಾಗ ಲೆಕ್ಕ ಕೈಮೀರಿತು. ಎರಡು ದಾರಿಗಳ ಆಯ್ಕೆ ಹತ್ತು ಸಲ ಬಂತೆಂದುಕೊಳ್ಳಿ. ಒಂದೊಂದು ಕವಲನ್ನೂ ಕೊನೆಯವರೆಗೆ ಬೇರೆಯಾಗಿಯೇ ಬೆಳೆಸಿದರೆ 1,024 ಕಥೆಗಳನ್ನು ಬರೆಯಬೇಕು. ಆದ್ದರಿಂದ ಕವಲೊಡೆದ ಕಥೆಯನ್ನು ಸ್ವಲ್ಪ ದೂರದಲ್ಲೇ ಮತ್ತೆ ಒಂದೇ ಹಾದಿಗೆ ತಂದು ಸೇರಿಸುತ್ತಾರೆ. ಆ ಸೇರ್ಪಡೆ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದೇ ಈ ಕಸುಬಿನ ಕಷ್ಟ.

ಬಯೋವೇರ್ ಇಲ್ಲಿ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿತ್ತು. ‘ಮಾಸ್ ಎಫೆಕ್ಟ್’ ಸರಣಿಯ 2007ರ ಮೊದಲ ಆಟದ ಸೇವ್ ಫೈಲ್, ಅಂದರೆ ಆಟಗಾರನ ನಿರ್ಧಾರಗಳ ದಾಖಲೆ, 2010ರ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸಾಗುತ್ತಿತ್ತು. ಒಂದು ಪ್ರಸಂಗ ನೋಡಿ. ವಿರ್ಮೈರ್ ಗ್ರಹದ ಕಡಲತೀರದಲ್ಲಿ ಸಂಗಾತಿ ರೆಕ್ಸ್ ಬಂದೂಕು ಹಿಡಿದು ಎದುರು ನಿಲ್ಲುತ್ತಾನೆ. ಅವನ ಕುಲ ಸಂತಾನವಿಲ್ಲದೆ ನಶಿಸುತ್ತಿದೆ; ಅದಕ್ಕೆ ಮದ್ದು ಇರಬಹುದಾದ ನೆಲೆಯನ್ನೇ ನೀವು ಉಡಾಯಿಸಲು ಹೊರಟಿದ್ದೀರಿ. ಸರಿಯಾದ ಮಾತಾಡಿದರೆ ಅವನು ಉಳಿಯುತ್ತಾನೆ, ಇಲ್ಲವಾದರೆ ಅಲ್ಲೇ ಗುಂಡಿಗೆ ಬಲಿಯಾಗಬಹುದು. ಸತ್ತರೆ ಮೂರನೆಯ ಆಟದಲ್ಲಿ ಕುಲದ ನಾಯಕತ್ವ ಒರಟ ರೀವ್‌ನ ಕೈಯಲ್ಲಿರುತ್ತದೆ. ಆ ಆಟದಲ್ಲಿ ಸಿದ್ಧವಾಗುವ ಮದ್ದನ್ನು ನೀವು ಕದ್ದುಮುಚ್ಚಿ ಕೆಡಿಸಿದರೆ ರೀವ್ ಮೋಸಹೋಗುತ್ತಾನೆ. ಬದುಕಿರುವ ರೆಕ್ಸ್ ಆದರೆ ಅದನ್ನು ಪತ್ತೆಹಚ್ಚಿ ಬಂದು ಎದುರಿಸುತ್ತಾನೆ. ನಾನು ಮೊದಲ ಸಲ ಆಡಿದಾಗ ರೆಕ್ಸ್ ಸತ್ತಿದ್ದ. ಮೂರನೆಯ ಆಟದಲ್ಲಿ ಅವನ ಜಾಗದಲ್ಲಿ ಬೇರೊಬ್ಬ ಕುಳಿತಿದ್ದುದನ್ನು ಕಂಡು ನಿಜಕ್ಕೂ ಹೊಟ್ಟೆ ಕಿವುಚಿದಂತಾಯಿತು.

ಇಷ್ಟು ನೆನಪಿಟ್ಟುಕೊಂಡ ಆಟ ಕೊನೆಯ ಹತ್ತು ನಿಮಿಷಗಳಲ್ಲಿ ಎಲ್ಲವನ್ನೂ ಮರೆತಂತೆ ಕಂಡದ್ದೇ ಅಭಿಮಾನಿಗಳ ಕೋಪಕ್ಕೆ ಮೂಲ. ವಿಮರ್ಶಕರು ಆಗಲೇ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ಅಂಕ ಕೊಟ್ಟಾಗಿತ್ತು. ಅವರಿಗೂ ಆಟಗಾರರಿಗೂ ನಡುವೆ ಬಿದ್ದ ಬಿರುಕು ಅಲ್ಲಿಂದ ಮುಂದೆ ಪೂರ್ತಿ ಮುಚ್ಚಲೇ ಇಲ್ಲ. ಜೂನ್‌ನಲ್ಲಿ ಕಂಪನಿ ಹೆಚ್ಚುವರಿ ದೃಶ್ಯಗಳನ್ನು ಉಚಿತವಾಗಿ ಸೇರಿಸಿತು. ಮೂರು ದಾರಿಗಳು ಹಾಗೆಯೇ ಉಳಿದವು.

ಅದೇ 2012ರಲ್ಲಿ ಟೆಲ್‌ಟೇಲ್ ಕಂಪನಿಯ ‘ದಿ ವಾಕಿಂಗ್ ಡೆಡ್’ ಬಂತು. ಮಾತೊಂದನ್ನು ಆರಿಸಿದೊಡನೆ ಪರದೆಯ ಮೂಲೆಯಲ್ಲಿ, ಕಥೆಯ ಪುಟ್ಟ ಹುಡುಗಿಯ ಹೆಸರಿನಲ್ಲಿ, ‘ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ’ ಎಂಬ ಸಾಲು ಮೂಡುತ್ತಿತ್ತು. ಯಾರನ್ನು ಉಳಿಸಿದರೂ ಕಥೆ ಹೆಚ್ಚುಕಡಿಮೆ ಒಂದೇ ಕಡೆಗೆ ಸಾಗುತ್ತಿತ್ತು. ಮೊದಲ ಸಲ ಅದು ಹೆಚ್ಚಿನವರಿಗೆ ಕೊರತೆ ಅನ್ನಿಸಲಿಲ್ಲ, ಅನ್ನಿಸಬೇಕಾಗಿಯೂ ಇರಲಿಲ್ಲ. ತಾಳಮದ್ದಳೆಯಲ್ಲಿ ಕರ್ಣ ಸಾಯುವುದು ಎಲ್ಲರಿಗೂ ಗೊತ್ತು. ಆದರೂ ಇವತ್ತಿನ ಅರ್ಥಧಾರಿಯ ಕರ್ಣ ಏನು ಹೇಳುತ್ತಾನೆಂದು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ಅದೇ ಸೂತ್ರವನ್ನು ಆಟದಿಂದ ಆಟಕ್ಕೆ ಹಾಗೆಯೇ ಎರಕ ಹೊಯ್ದಾಗ ಮಾತ್ರ ಅದು ಸವಕಲಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ಬಹುಪಾಲು ಉದ್ಯೋಗಿಗಳನ್ನು ಮನೆಗೆ ಕಳುಹಿಸಿತು.

ಬೇರೊಂದು ಉತ್ತರ ಎಸ್ಟೋನಿಯಾದಿಂದ ಬಂತು. 2019ರ ‘ಡಿಸ್ಕೋ ಎಲಿಸಿಯಂ’ನಲ್ಲಿ ಕುಡಿದು ಎಲ್ಲವನ್ನೂ ಮರೆತ ಪತ್ತೇದಾರನೊಬ್ಬ ಹೋಟೆಲ್ ಕೋಣೆಯಲ್ಲಿ ಎಚ್ಚರಗೊಳ್ಳುತ್ತಾನೆ. ಅವನ ಟೈ ತಿರುಗುವ ಸೀಲಿಂಗ್ ಫ್ಯಾನಿಗೆ ಸಿಕ್ಕಿಕೊಂಡಿದೆ. ದೇಹಬಲ ತೀರಾ ಕಡಿಮೆ ಇಟ್ಟುಕೊಂಡಿದ್ದರೆ ಅದನ್ನು ಎಳೆಯಲು ಹೋಗಿ ಹೃದಯಾಘಾತದಿಂದ ಅಲ್ಲೇ ಸಾಯಬಹುದು, ಆಟ ಶುರುವಾಗಿ ಐದು ನಿಮಿಷವೂ ಆಗಿರುವುದಿಲ್ಲ! ಕೊಲೆಯ ತನಿಖೆಯ ದಾರಿ ಹೆಚ್ಚೇನೂ ಬದಲಾಗುವುದಿಲ್ಲ. ತನಿಖೆ ಮಾಡುತ್ತಿರುವವನು ಎಂಥ ಮನುಷ್ಯ ಎಂಬುದು ಮಾತುಮಾತಿಗೂ ಬದಲಾಗುತ್ತದೆ. ನನ್ನ ಮಟ್ಟಿಗೆ ಈ ಪ್ರಕಾರದ ಅತ್ಯುತ್ತಮ ಬರವಣಿಗೆ ಇಲ್ಲಿದೆ.

ಮರುವರ್ಷದ ‘ಸೈಬರ್‌ಪಂಕ್ 2077’ ದೋಷಗಳಿಗಾಗಿ ಹೆಚ್ಚು ಬೈಸಿಕೊಂಡಿತು. ಆರಂಭದಲ್ಲಿ ಆರಿಸುವ ಮೂರು ಹಿನ್ನೆಲೆಗಳು ಬೇಗನೆ ಒಂದೇ ಕಥೆಯಲ್ಲಿ ಕರಗಿಹೋಗುತ್ತವೆ ಎಂಬ ದೂರೂ ಕಡಿಮೆಯದಾಗಿರಲಿಲ್ಲ.

2023ರಲ್ಲಿ ಬೆಲ್ಜಿಯಂನ ಲೇರಿಯನ್ ತಂದ ‘ಬಾಲ್ಡರ್ಸ್ ಗೇಟ್ 3’ ಸಣ್ಣ ಸಂಗತಿಗಳನ್ನು ಹಟ ಹಿಡಿದು ನೆನಪಿಡುತ್ತದೆ. ಅದರಲ್ಲಿ ಹೆಣಗಳನ್ನು ಮಾತಾಡಿಸುವ ಮಂತ್ರವಿದೆ. ಆದರೆ ನೀವೇ ಕೊಂದವನ ಹೆಣ ನಿಮ್ಮೊಂದಿಗೆ ಮಾತಾಡಲು ಒಲ್ಲೆ ಎನ್ನುತ್ತದೆ. ವೇಷ ಬದಲಿಸಿಕೊಂಡು ಬಂದರೆ ಬಾಯಿಬಿಡುತ್ತದೆ. ಮೂರನೆಯ ಅಂಕ ಅವಸರದ್ದೆಂದು, ಮುಕ್ತಾಯ ಬರಿದೆಂದು ಆಟಗಾರರು ಹೇಳಿದಾಗ ತಂಡ ನವೆಂಬರ್‌ನಲ್ಲಿ ಸಂಗಾತಿಗಳೆಲ್ಲ ಮತ್ತೆ ಸೇರುವ ಹೊಸ ದೃಶ್ಯವನ್ನೇ ಬರೆದು ಸೇರಿಸಿತು.

ಇದರ ಬೆನ್ನಿಗೇ, 2024ರಲ್ಲಿ, ಬಯೋವೇರ್‌ನ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಹಿಂದಿನ ಆಟಗಳ ನೂರಾರು ನಿರ್ಧಾರಗಳಲ್ಲಿ ಕೇವಲ ಮೂರನ್ನು ಕೇಳಿ ಉಳಿದದ್ದನ್ನು ಬದಿಗೆ ಸರಿಸಿತು. ಹತ್ತು ವರ್ಷ ಕಾದವರಿಗೆ ಅದು ಕಹಿಯಾಯಿತು, ಅವರ ನೋವು ನ್ಯಾಯವಾದದ್ದೇ. ಮುಂದಿನ ವರ್ಷ ಫ್ರಾನ್ಸಿನ ಸಣ್ಣ ತಂಡವೊಂದರ ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಬಹುತೇಕ ಒಂದೇ ಹಾದಿಯಲ್ಲಿ ನಡೆಸಿಕೊಂಡು ಹೋಗಿ, ತುದಿಯಲ್ಲಿ ಒಂದೇ ಒಂದು ನಿರ್ಧಾರ ಕೇಳಿತು, ಎರಡು ಮುಕ್ತಾಯಗಳು, ಎರಡೂ ನೋಯಿಸುವಂಥವು. ವಂಚನೆಯಾಯಿತೆಂದು ಗದ್ದಲವೇಳಲಿಲ್ಲ. ಆ ಎರಡರಲ್ಲಿ ಯಾವುದು ಸರಿ ಎಂದು ಆಟಗಾರರು ಇನ್ನೂ ವಾದಿಸುತ್ತಿದ್ದಾರೆ.

ಈಗ ಬಯೋವೇರ್ ಮತ್ತೊಂದು ‘ಮಾಸ್ ಎಫೆಕ್ಟ್’ ಕಟ್ಟುತ್ತಿದೆ. 2020ರ ಡಿಸೆಂಬರ್‌ನಲ್ಲಿ ತೋರಿಸಿದ ಮೊದಲ ತುಣುಕಿನಲ್ಲಿ ಹಳೆಯ ಸಂಗಾತಿ ಲಿಯಾರಾ ಹಿಮದೊಳಗಿಂದ ಒಡೆದ ಕವಚದ ಚೂರೊಂದನ್ನು ಎತ್ತಿಕೊಳ್ಳುತ್ತಾಳೆ. ಅವಳು ನಿಂತಿರುವ ಲೋಕ ಕೆಂಪಿನದೋ, ನೀಲಿಯದೋ, ಹಸಿರಿನದೋ ಎಂದು ಅಭಿಮಾನಿಗಳು ಆ ತುಣುಕನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ಹುಡುಕಿದ್ದಾರೆ.