ಕೇಳಿತೋ ಇಲ್ಲವೋ ಎನ್ನಿಸುವ ಆ ಸದ್ದು

ಕಿವಿ ಪರೀಕ್ಷೆಯ ಕೋಣೆಯಲ್ಲಿ ಅಪ್ಪ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಬಟನ್ ಹಿಡಿದು ಕೂತಿದ್ದರು. ಸ್ವಲ್ಪ ಹೊತ್ತಿಗೆ ಆಡಿಯಾಲಜಿಸ್ಟ್ ಬಾಗಿಲು ತೆರೆದು, "ಕೇಳಿದ ಹಾಗೆ ಅನ್ನಿಸಿದರೂ ಸಾಕು, ಒತ್ತಿಬಿಡಿ ಸಾರ್" ಎಂದರು. "ಅನುಮಾನ ಇದ್ದಾಗ ಒತ್ತಿದರೆ ತಪ್ಪಾಗಲ್ವೇನಮ್ಮ?" ಎಂದರು ಅಪ್ಪ.

ಆ ಅನುಮಾನವನ್ನೇ ಅಳೆಯುವುದು ಈ ಪರೀಕ್ಷೆ. ಸಾಮಾನ್ಯವಾಗಿ 1000 ಹರ್ಟ್ಸ್‌ನ ಶಬ್ದದಿಂದ (ಸೆಕೆಂಡಿಗೆ ಸಾವಿರ ಕಂಪನ) ಶುರು ಮಾಡುತ್ತಾರೆ. ನೀವು ಬಟನ್ ಒತ್ತಿದರೆ ಶಬ್ದದ ಜೋರನ್ನು 10 ಡೆಸಿಬಲ್ ಇಳಿಸುತ್ತಾರೆ, ಒತ್ತದಿದ್ದರೆ 5 ಏರಿಸುತ್ತಾರೆ. ಹೀಗೆ ಇಳಿಸಿ ಏರಿಸಿ, ಸುಮಾರು ಅರ್ಧದಷ್ಟು ಸಲ ಮಾತ್ರ ಕೇಳುವ ಮಟ್ಟವನ್ನು ಹುಡುಕುತ್ತಾರೆ. ಅದೇ ಆ ಕಿವಿಯ ಹೊಸ್ತಿಲು. ಸೊನ್ನೆ ಡೆಸಿಬಲ್ ಎಂದರೆ ನಿಶ್ಶಬ್ದ ಅಲ್ಲ. ಆರೋಗ್ಯವಂತ ಯುವಕರ ಕಿವಿಗೆ ಸರಾಸರಿಯಾಗಿ ಕೇಳಿಸುವ ಅತಿ ಸಣ್ಣ ಶಬ್ದ ಅದು. ಖಚಿತವಾಗುವ ತನಕ ಕಾಯುವವರ ಹೊಸ್ತಿಲು ಇರುವುದಕ್ಕಿಂತ ಎತ್ತರದಲ್ಲಿ ದಾಖಲಾಗುತ್ತದೆ. ಆ ಲೆಕ್ಕ ಹಿಡಿದು ಶ್ರವಣಯಂತ್ರ ಹೊಂದಿಸಿದರೆ ಬೇಕಾದ್ದಕ್ಕಿಂತ ಜೋರಾಗಿ ಕಿರಿಕಿರಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಯಂತ್ರ ಬೀರು ಸೇರಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನಗೆ ಅನ್ನಿಸುತ್ತದೆ.

ಅಪ್ಪನ ದೂರು ಬೇರೆಯೇ ಇತ್ತು: "ನೀನು ಮಾತಾಡೋದು ಕೇಳುತ್ತೆ ಕಣೋ, ಏನಂದೆ ಅಂತ ತಿಳಿಯಲ್ಲ." ಇದು ಹಟವಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಹೆಚ್ಚಿನ ಕಂಪನಾಂಕದ ಕೀರಲು ಶಬ್ದಗಳನ್ನು ಹಿಡಿಯುವ ರೋಮಕೋಶಗಳು ಅದರ ಬುಡದಲ್ಲಿವೆ, ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸೊರಗುವುದು ಅವೇ. ಅ, ಇ ಮೊದಲಾದ ಸ್ವರಗಳ ಶಕ್ತಿ ಬಹುಪಾಲು ಕೆಳಗಿನ ಕಂಪನಾಂಕಗಳಲ್ಲಿರುತ್ತದೆ, 'ಸ'ಕಾರದ ಸುಯ್ಲು ಮೇಲಿರುತ್ತದೆ. ಹಾಗಾಗಿ 'ಅರಿ' ಎಂಬಷ್ಟು ಕಿವಿಗೆ ಬೀಳುತ್ತದೆ. ಅದು ಸರಿಯೋ, ತರಿಯೋ, ಕರಿಯೋ ಗೊತ್ತಾಗುವುದಿಲ್ಲ.

ಅದಕ್ಕೇ ಪೀಂ ಪೀಂ ಶಬ್ದಗಳ ನಂತರ ಪದಗಳನ್ನು ಕೇಳಿಸಿ, ತಿರುಗಿ ಹೇಳಿಸುತ್ತಾರೆ. ಈ ಭಾಗ ಕನ್ನಡದಲ್ಲೇ ಆಗಲಿ ಎಂದು ಧೈರ್ಯವಾಗಿ ಕೇಳಿ. ಬಾರದ ಭಾಷೆಯ ಪದ ತಪ್ಪಿದರೆ ಅದು ಕಿವಿಯ ಸೋಲಾಗುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ.

ಕಿವಿಯ ಹಿಂದಿನ ಮೂಳೆಗೆ ಪುಟ್ಟ ಕಂಪಕ ಇಟ್ಟು ಇನ್ನೊಂದು ಸುತ್ತು ನಡೆಸುತ್ತಾರೆ. ಕಂಪನ ಕಿವಿತಮಟೆಯ ಮೂಲಕ ಹಾಯದೆ ನೇರ ಒಳಗಿವಿ ಸೇರುತ್ತದೆ. ಮೂಳೆಯ ಮೂಲಕ ಚೆನ್ನಾಗಿ ಕೇಳಿಸಿ ಹೆಡ್‌ಫೋನಿನಲ್ಲಿ ಕೇಳಿಸದಿದ್ದರೆ ತೊಡಕು ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ: ಗುಗ್ಗೆ, ತೂತಾದ ತಮಟೆ, ಒಳಗೆ ತುಂಬಿದ ನೀರು. ಇವುಗಳಲ್ಲಿ ಎಷ್ಟೋ ಚಿಕಿತ್ಸೆಗೆ ಬಗ್ಗುತ್ತವೆ. ಮೂಳೆಯ ಮೂಲಕವೂ ಹೆಡ್‌ಫೋನಿನಲ್ಲೂ ಕೇಳ್ಮೆ ಒಂದೇ ಸಮ ಇಳಿದಿದ್ದರೆ ಒಳಗಿವಿ ಅಥವಾ ನರದ ಕಡೆ ನೋಡಬೇಕು. ಕೊನೆಗೆ ಕೈಗೆ ಬರುವ ನಕ್ಷೆಯಲ್ಲಿ ಕೆಂಪು ಸೊನ್ನೆ ಬಲಗಿವಿಯದು, ನೀಲಿ ಗುಣಿಸು ಚಿಹ್ನೆ ಎಡಗಿವಿಯದು.

ಹೋಗುವ ಹಿಂದಿನ ದಿನ ಮದುವೆಮನೆಯ ವಾಲಗ, ಡಿಜೆ, ಪಟಾಕಿಗಳಿಂದ ದೂರವಿರಿ. ಜೋರು ಸದ್ದು ಕಿವಿಯನ್ನು ತಾತ್ಕಾಲಿಕವಾಗಿ ಮಂಕು ಮಾಡುತ್ತದೆ. ಗುಗ್ಗೆ ತೆಗೆಯಲೆಂದು ಪಿನ್ನು, ಬಡ್ಸ್ ಹಾಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಜೋರು ನೆಗಡಿ ಇದ್ದರೆ ಮೊದಲೇ ತಿಳಿಸಿ. ತೆಗೆದುಕೊಂಡ ಔಷಧಗಳ ಚೀಟಿ ಒಯ್ಯಿರಿ: ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಕಿವಿಗೆ ಹಾನಿ ಮಾಡಬಲ್ಲವು. ದಿನವೂ ಜೊತೆಗಿರುವ ಒಬ್ಬರನ್ನು ಕರೆದುಕೊಂಡು ಹೋಗಿ. ಟಿವಿ ಎಷ್ಟು ಜೋರಾಗಿದೆ ಎಂದು ಹೇಳಬಲ್ಲವರು ಅವರೇ.

ಇಷ್ಟೆಲ್ಲ ತಯಾರಿ ನಿಧಾನವಾಗಿ ಮಂದವಾದ ಕಿವಿಗೆ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋಗಿದ್ದರೆ ದಿನಾಂಕಕ್ಕಾಗಿ ಕಾಯಬೇಡಿ, ಅಂದೇ ಇಎನ್‌ಟಿ ವೈದ್ಯರ ಬಳಿ ಹೋಗಿ. ಅಲ್ಲಿ ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳ್ಮೆ ಮರಳುವ ಸಾಧ್ಯತೆ ಹೆಚ್ಚು.