ನಡುವೆ ನಿಲ್ಲದ ಗಾಯಕಿ

"ಬಲಗಡೆ ಟ್ವೀಟರ್ ಹೋಗಿದೆ ಸಾರ್, ಹೊಸದು ಹಾಕಿಕೊಡಿ" ಎಂದು ಕರೆ ಬಂತು. ಸ್ಪೀಕರ್ ಪೆಟ್ಟಿಗೆಯಲ್ಲಿ ತಾರದ, ಅಂದರೆ ಎತ್ತರದ ತೀಕ್ಷ್ಣ ದನಿ ನುಡಿಸುವ ಪುಟ್ಟ ಸ್ಪೀಕರ್ ಅದು. ಟ್ವೀಟರೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಗಾಯಕಿ ಸರಿಯಾಗಿ ನಡುವೆ ನಿಂತು ಹಾಡ್ತಾಳೆ. ಆದರೆ 'ಸ', 'ಶ' ಬಂದಾಗೆಲ್ಲ ಎಡಕ್ಕೆ ಹಾರ್ತಾಳೆ!"

ಸ್ಪೀಕರ್ ಕೂರಿಸುವುದು, ಕೋಣೆ ಹೊಂದಿಸುವುದು ನನ್ನ ಕೆಲಸ. ದೂರನ್ನು ಇಷ್ಟು ಕರಾರುವಾಕ್ಕಾಗಿ ಹೇಳುವವರು ಅಪರೂಪ. ಹೋಗಿ ಅವರ ಕುರ್ಚಿಯಲ್ಲೇ ಕೂತು ಕೇಳಿದೆ. ಅವರು ಹೇಳಿದ್ದು ನಿಜ. 'ಆ', 'ಊ'ಗಳೆಲ್ಲ ಎರಡು ಸ್ಪೀಕರ್‌ಗಳ ಮಧ್ಯೆ ಗಟ್ಟಿಯಾಗಿ ನಿಂತಿದ್ದವು. ಸಕಾರ ಮಾತ್ರ ಒಂದು ಮೊಳ ಎಡಕ್ಕೆ ಸರಿದು ಕೇಳುತ್ತಿತ್ತು.

ಮಧ್ಯದಲ್ಲಿ ಸ್ಪೀಕರ್ ಇಲ್ಲವೇ ಇಲ್ಲ ಎಂಬುದನ್ನು ನೆನಪಿಡಬೇಕು. ಒಂದೇ ದನಿ ಎರಡೂ ಕಡೆಯಿಂದ ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಬಂದಾಗ ಮಿದುಳು "ಇದು ಎದುರಿನಿಂದ ಬಂದದ್ದು" ಎಂದು ತೀರ್ಮಾನಿಸುತ್ತದೆ. ಸ್ಟೀರಿಯೊ ನಿಂತಿರುವುದು ಈ ಒಂದು ಭ್ರಮೆಯ ಮೇಲೆ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅದಕ್ಕೂ ಮುಂಚೆ, 1907ರಲ್ಲೇ, ದಿಕ್ಕನ್ನು ಕಿವಿ ಎರಡು ಬಗೆಯಲ್ಲಿ ಗುರುತಿಸುತ್ತದೆ ಎಂದು ಭೌತವಿಜ್ಞಾನಿ ಲಾರ್ಡ್ ರೇಲೀ ಬರೆದಿದ್ದರು. ಸುಮಾರು 1500 ಹರ್ಟ್ಜ್‌ಗಿಂತ ಕೆಳಗಿನ ದನಿಗೆ ಕಾಲದ ಲೆಕ್ಕ. ಪಕ್ಕದಿಂದ ಬಂದ ಸದ್ದು ಆಚೆ ಕಿವಿಯನ್ನು ಹೆಚ್ಚೆಂದರೆ 0.6–0.7 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಅಷ್ಟು ಸಣ್ಣ ಅಂತರವೂ ಮಿದುಳಿಗೆ ಸಾಕು. ಅದಕ್ಕಿಂತ ಮೇಲಿನ ದನಿಗೆ ತಲೆಯೇ ಅಡ್ಡ ಬಂದು ನೆರಳು ಬೀಳುವುದರಿಂದ ಯಾವ ಕಿವಿಗೆ ಜೋರು ಎಂಬುದೇ ಮುಖ್ಯವಾಗುತ್ತದೆ.

'ಆ', 'ಊ'ದಂಥ ಸ್ವರಗಳ ಮೈ ಬಹುಪಾಲು ಮೊದಲ ಲೆಕ್ಕಕ್ಕೆ ಸೇರಿದ್ದು. 'ಸ'ದ ಸಿಳ್ಳು 5000 ಹರ್ಟ್ಜ್ ಆಸುಪಾಸಿನದು ಮತ್ತು ಅದರ ಮೇಲಿನದು, ಅಂದರೆ ಎರಡನೆಯ ಲೆಕ್ಕದ್ದು. ಸ್ವರ ಅಲುಗದೆ ಸಕಾರ ಮಾತ್ರ ಸರಿಯಿತೆಂದರೆ ಎಡಗಡೆ ಎಲ್ಲಿಂದಲೋ ತಾರದ ದನಿ ಹೆಚ್ಚು ಬರುತ್ತಿದೆ, ಇಲ್ಲವೇ ಬಲಗಡೆ ಕಡಿಮೆಯಾಗಿದೆ. ಟ್ವೀಟರ್ ಮೇಲೆ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ.

ಅನುಮಾನವನ್ನು ಪರೀಕ್ಷಿಸಲು ಉಪಕರಣ ಬೇಡ. ತಂತಿಗಳನ್ನು ಇದ್ದಲ್ಲೇ ಬಿಟ್ಟು ಪೆಟ್ಟಿಗೆಗಳನ್ನು ಮಾತ್ರ ಅದಲುಬದಲು ಮಾಡಿದೆವು. ದೋಷ ಪೆಟ್ಟಿಗೆಯದ್ದಾದರೆ ಪೆಟ್ಟಿಗೆಯ ಜೊತೆಗೇ ಹೋಗಬೇಕು. ಹೋಗಲಿಲ್ಲ, 'ಸ' ಎಡದಲ್ಲೇ ಉಳಿಯಿತು. ಆಮೇಲೆ ಆಂಪ್ಲಿಫೈಯರ್ ಹಿಂದೆ ಎಡ-ಬಲದ ತಂತಿ ಬದಲಿಸಿದೆವು, ಆಗಲೂ ಎಡವೇ. ಅವರ ಕಿವಿಯ ತೊಂದರೆಯೂ ಅಲ್ಲ, ನನಗೂ ಹಾಗೇ ಕೇಳಿಸಿತ್ತಲ್ಲ. ಇನ್ನು ಉಳಿದದ್ದು ಕೋಣೆ.

(ತಂತಿಯ ವಿಷಯ ಬಂದದ್ದಕ್ಕೆ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕಸುಬಿಗೆ ಇಳಿದ ಹೊಸದರಲ್ಲಿ, ಒಂದು ಮನೆಯಲ್ಲಿ ಎರಡು ಗಂಟೆ ಸ್ಪೀಕರ್ ಎಳೆದಾಡಿದ್ದೆ. ದನಿ ನಡುವೆ ನಿಲ್ಲದೆ ತಲೆಯ ಸುತ್ತ ಹರಡಿಕೊಂಡಂತೆ, ಬೇಸ್ ಯಾರೋ ಕದ್ದುಕೊಂಡು ಹೋದಂತೆ. ಒಂದು ಸ್ಪೀಕರಿಗೆ ಕೆಂಪು-ಕಪ್ಪು ತಂತಿಯನ್ನು ತಿರುವುಮುರುವು ಸಿಕ್ಕಿಸಿದವನು ನಾನೇ.)

ಕೋಣೆಯಲ್ಲಿ ಎಡ ಸ್ಪೀಕರಿನಿಂದ 60 ಸೆಂಟಿಮೀಟರ್ ಆಚೆ ನೆಲದಿಂದ ಚಾವಣಿವರೆಗೆ ಗಾಜಿನ ಕಿಟಕಿ. ಬಲಕ್ಕೂ ಅಷ್ಟೇ ದೂರದಲ್ಲಿ ಅಂಥದ್ದೇ ಕಿಟಕಿ, ಅದರ ಮೇಲೆ ಮಾತ್ರ ದಪ್ಪ ಪರದೆ. ಕುರ್ಚಿಯಲ್ಲಿ ಕೂತು ಎಡಕ್ಕೆ ನೋಡಿದರೆ ಸ್ಪೀಕರಿನ ಪ್ರತಿಬಿಂಬ ಗಾಜಿನೊಳಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸದ್ದಿನ ಪ್ರತಿಫಲನದ ಜಾಗ ಹುಡುಕಲು ನಾವು ಗೋಡೆಯ ಉದ್ದಕ್ಕೂ ಕನ್ನಡಿ ಹಿಡಿದು ಓಡಾಡುತ್ತೇವೆ. ಇಲ್ಲಿ ಕನ್ನಡಿಯನ್ನು ಮನೆಯೇ ಒದಗಿಸಿತ್ತು.

ಸ್ಪೀಕರ್‌ಗಳ ನಡುವೆ 2.4 ಮೀಟರ್, ಕುರ್ಚಿಗೂ ಅಷ್ಟೇ. ಕೋನ 60 ಡಿಗ್ರಿ, ಅಲ್ಲಿಗೆ ಎಲ್ಲ ಸರಿ. ನೇರ ದನಿ 2.4 ಮೀಟರ್ ದಾಟಿ ಬಂದರೆ ಗಾಜಿಗೆ ಬಡಿದು ಬಂದದ್ದು ಸುಮಾರು 3.2 ಮೀಟರ್ ಸುತ್ತಿ ಬರುತ್ತದೆ. ಸದ್ದು ಒಂದು ಮಿಲಿಸೆಕೆಂಡಿನಲ್ಲಿ 34 ಸೆಂಟಿಮೀಟರ್ ಸಾಗುತ್ತದೆ, ಹಾಗಾಗಿ ತಡವಾದದ್ದು ಎರಡು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಇಷ್ಟು ಬೇಗ ಬಂದ ಮರುದನಿಯನ್ನು ಕಿವಿ ಬೇರೆ ಸದ್ದೆಂದು ಎಣಿಸದೆ ಮೊದಲನೆಯದರ ಜೊತೆ ಕಲಸಿಬಿಡುತ್ತದೆ. ಎರಡೂ ಕಡೆ ಒಂದೇ ಥರ ಆಗಿದ್ದರೆ ಏನೂ ಅನ್ನಿಸುತ್ತಿರಲಿಲ್ಲ, ಹಾಡು ತುಸು ಅಗಲವಾದಂತೆ ಕೇಳುತ್ತಿತ್ತು ಅಷ್ಟೇ. ಆದರೆ ಗಾಜು ತಾರದ ದನಿಯನ್ನು ಪೂರ್ತಿ ಹಿಂದಿರುಗಿಸಿದರೆ ಪರದೆ ಅದನ್ನೇ ನುಂಗುತ್ತಿತ್ತು. ಕೆಳಗಿನ ದನಿಗೆ ಬಟ್ಟೆ ಇದ್ದೂ ಇಲ್ಲದಂತೆ. ಅದಕ್ಕೇ ಸಕಾರವೊಂದೇ ಎಡಕ್ಕೆ ವಾಲಿದ್ದು.

ಪರದೆಯನ್ನು ಪೂರ್ತಿ ಸರಿಸಿದೆ. 'ಸ' ನಡುವೆ ಬಂದು ನಿಂತಿತು.

"ಹಾಗಾದರೆ ಎರಡೂ ಕಡೆ ಫೋಮ್ ಅಂಟಿಸಿಬಿಡಲೇ?" ಎಂದರು. ನಾನು ಬೇಡ ಎನ್ನುವವರ ಗುಂಪಿನವನು. ಎರಡು-ಮೂರು ಸೆಂಟಿಮೀಟರಿನ ಫೋಮ್ ತಾರದ ದನಿಯನ್ನಷ್ಟೇ ತಿಂದು ಉಳಿದದ್ದನ್ನು ಹಾಗೇ ಕಳಿಸುತ್ತದೆ. ಪ್ರತಿಫಲನ ಹೋಗುವುದಿಲ್ಲ, ಮಂಕಾಗುತ್ತದೆ. ಇನ್ನೊಂದು ಕಾರಣವಿದೆ. ಎರಡು ಸ್ಪೀಕರ್ ಸೇರಿ ಹುಟ್ಟಿಸುವ ಮಧ್ಯದ ದನಿಯಲ್ಲೇ ಒಂದು ಹುಟ್ಟುದೋಷ ಇದೆ. ಪ್ರತಿ ಕಿವಿಗೂ ಹತ್ತಿರದ ಸ್ಪೀಕರ್ ಮೊದಲು, ದೂರದ್ದು ಸುಮಾರು ಕಾಲು ಮಿಲಿಸೆಕೆಂಡ್ ಬಿಟ್ಟು ಕೇಳುತ್ತದೆ. ಎರಡೂ ಕೂಡಿದಾಗ 2000 ಹರ್ಟ್ಜ್ ಬಳಿ ಒಂದು ಗುಂಡಿ ಬೀಳುತ್ತದೆ. ಪಕ್ಕದ ಗೋಡೆಗಳ ಪ್ರತಿಫಲನ ಆ ಗುಂಡಿಯನ್ನು ಒಂದಿಷ್ಟು ತುಂಬುತ್ತದೆ. ಕೋಣೆಯನ್ನು ಪೂರ್ತಿ ಸಾಯಿಸಿದವರ ಮನೆಯಲ್ಲಿ ಗಾಯಕರು ಬಡಕಲಾಗಿ ಕೇಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೊದಲು ಎರಡೂ ಪಕ್ಕ ಒಂದೇ ಥರ ಇರಲಿ, ಹೀರುವುದೋ ಬಿಡುವುದೋ ಆಮೇಲಿನ ಮಾತು.

ಗೋಡೆಯಿಂದ ಮರಳುವುದು ಸ್ಪೀಕರ್ ಪಕ್ಕಕ್ಕೆ ಎಸೆದ ದನಿ. ಪೆಟ್ಟಿಗೆಯ ವಿನ್ಯಾಸ ಲೆಕ್ಕಕ್ಕೆ ಬರುವುದು ಇಲ್ಲಿ. ಕೆಳಗಿನ ದನಿ ನುಡಿಸುವ ಆರೂವರೆ ಇಂಚಿನ ವೂಫರ್ 2000 ಹರ್ಟ್ಜ್ ದಾಟುತ್ತಿದ್ದಂತೆ ಟಾರ್ಚಿನ ಹಾಗೆ ಮುಂದಕ್ಕಷ್ಟೇ ಚೆಲ್ಲತೊಡಗುತ್ತದೆ. ಅಲ್ಲಿಂದ ಕೆಲಸ ವಹಿಸಿಕೊಳ್ಳುವ 25 ಮಿಲಿಮೀಟರಿನ ಟ್ವೀಟರ್ ಮತ್ತೆ ಅಗಲಕ್ಕೆ ಹರಡುತ್ತದೆ. ಎದುರು ಕೂತವರಿಗೆ ಈ ಕೈಬದಲಾವಣೆ ನಯವಾಗಿ ಕೇಳೀತು. ಪಕ್ಕದ ಗೋಡೆಗೆ ಹೋಗುವ ದನಿಯಲ್ಲಿ ಮಾತ್ರ ಮೊದಲು ತಗ್ಗು, ಆಮೇಲೆ ದಿಢೀರ್ ದಿಬ್ಬ. ಒಳ್ಳೆಯ ಪೆಟ್ಟಿಗೆಗಳಲ್ಲಿ ಟ್ವೀಟರ್ ಸುತ್ತ ತಟ್ಟೆಯಂತೆ ಒಳಸರಿದ ಆಕಾರ ಇರುವುದು ಅಂದಕ್ಕಲ್ಲ. ಅದರ ಹೆಸರು ವೇವ್‌ಗೈಡ್. ಟ್ವೀಟರಿನ ಹರವನ್ನು ವೂಫರಿನ ಹರವಿಗೆ ಹೊಂದಿಸುವುದು ಅದರ ಕೆಲಸ.

ಅಂಚುಗಳದ್ದೂ ಒಂದು ಕಥೆ. ಅಮೆರಿಕದ ಆರ್‌ಸಿಎ ಕಂಪನಿಯ ಎಂಜಿನಿಯರ್ ಹ್ಯಾರಿ ಓಲ್ಸನ್ 1950ರ ಆಸುಪಾಸಿನಲ್ಲಿ ಒಂದೇ ಸ್ಪೀಕರನ್ನು ಬೇರೆ ಬೇರೆ ಆಕಾರದ ಪೆಟ್ಟಿಗೆಗಳಲ್ಲಿ ಕೂರಿಸಿ ಅಳೆದರು. ಗೋಳದ್ದು ಅತಿ ನಯ. ಚೂಪಂಚಿನ ಘನದ್ದು ಏರುಪೇರು. ಮುಖಫಲಕದ ಮೇಲೆ ಹರಿದ ದನಿ ಅಂಚಿಗೆ ತಲುಪಿ ಅಲ್ಲಿಂದ ಮತ್ತೆ ಹೊಮ್ಮುತ್ತದೆ, ಪುಟ್ಟ ಎರಡನೇ ಟ್ವೀಟರ್ ಇದ್ದಂತೆ. ದನಿ ಪೆಟ್ಟಿಗೆಗೆ ಅಂಟಿಕೊಂಡಂತೆ ಕೇಳುವುದಕ್ಕೆ ಇದೂ ಒಂದು ಕಾರಣ. ಅಂಚನ್ನು ದುಂಡಗೆ ಮಾಡುವುದು ಒಂದು ಉಪಾಯ. ಟ್ವೀಟರನ್ನು ಪಕ್ಕಕ್ಕೆ ಸರಿಸಿ, ಎಲ್ಲ ಅಂಚುಗಳೂ ಸಮದೂರ ಆಗದಂತೆ ನೋಡಿಕೊಳ್ಳುವುದು ಇನ್ನೊಂದು. ಹಾಗೆ ಮಾಡಿದವು ಎಡಗೈ-ಬಲಗೈಯಂತೆ ಜೋಡಿಯಾಗಿ ಬರುತ್ತವೆ. ಅವನ್ನು ಅದಲುಬದಲಾಗಿಟ್ಟ, ಎರಡೂ ಎಡಗೈಯನ್ನೇ ಕೊಂಡ ಮನೆಗಳನ್ನೂ ನೋಡಿದ್ದೇನೆ.

ಜಾಗ ಸಾಲದೆಂದು ಪೆಟ್ಟಿಗೆಯನ್ನು ಅಡ್ಡ ಮಲಗಿಸಬೇಡಿ. ವೂಫರ್ ಮತ್ತು ಟ್ವೀಟರ್ ಅಕ್ಕಪಕ್ಕ ಬಂದರೆ ತಲೆ ಒಂದಿಷ್ಟು ಅಲುಗಿದರೂ ಎರಡರ ದೂರದ ಲೆಕ್ಕ ತಪ್ಪಿ ದನಿಯ ಬಣ್ಣ ಬದಲಾಗುತ್ತದೆ.

ತಲೆ ಅಲುಗುವುದರ ಬೆಲೆ ದೊಡ್ಡದು. ಅದೇ ಕುರ್ಚಿಯಲ್ಲಿ 20 ಸೆಂಟಿಮೀಟರ್ ಎಡಕ್ಕೆ ವಾಲಿದರೆ ಎಡ ಸ್ಪೀಕರಿನ ದನಿ 0.6 ಮಿಲಿಸೆಕೆಂಡಿನಷ್ಟು ಮೊದಲೇ ಬರುತ್ತದೆ, ಗಾಯಕಿ ಹೆಚ್ಚುಕಡಿಮೆ ಎಡ ಪೆಟ್ಟಿಗೆಯೊಳಕ್ಕೆ ಹೊಕ್ಕುಬಿಡುತ್ತಾಳೆ. ಇಬ್ಬರು ಕೂತು ಕೇಳುವ ಮನೆಯಾದರೆ ಸ್ಪೀಕರ್‌ಗಳ ಮುಖವನ್ನು ಇನ್ನಷ್ಟು ಒಳಕ್ಕೆ ತಿರುಗಿಸಿ, ಎರಡರ ನೇರ ರೇಖೆಗಳು ಕೇಳುಗರ ಮುಂದೆಯೇ ಸಂಧಿಸುವಂತೆ ಇಡುತ್ತೇನೆ. ಎಡಕ್ಕೆ ಕೂತವರಿಗೆ ದೂರದ ಬಲ ಸ್ಪೀಕರ್ ನೇರಕ್ಕೆ ಸಿಕ್ಕಿ ಜೋರಾಗುತ್ತದೆ, ಹತ್ತಿರದ್ದು ಓರೆಯಾಗಿ ತಗ್ಗುತ್ತದೆ. ಕಾಲದಲ್ಲಿ ಕಳೆದುಕೊಂಡದ್ದನ್ನು ಜೋರಿನಲ್ಲಿ ಅರ್ಧಂಬರ್ಧ ತುಂಬಿಕೊಂಡಂತೆ. ಪಕ್ಕಕ್ಕೂ ನಯವಾಗಿ ಹರಡುವ ಪೆಟ್ಟಿಗೆಗಳಲ್ಲಿ ಮಾತ್ರ ಇದು ನಡೆಯುತ್ತದೆ.

ವಾರ ಬಿಟ್ಟು ಅವರದ್ದೇ ಕರೆ. ರಾತ್ರಿ ಪರದೆ ಎಳೆದ ಕೂಡಲೇ 'ಸ' ಮತ್ತೆ ಎಡಕ್ಕೆ ಹೋಗುತ್ತಿದೆಯಂತೆ. ಎಡದ ಕಿಟಕಿಗೂ ಅದೇ ಬಟ್ಟೆಯ ಪರದೆ ಹೊಲಿಸಿ, ಎಳೆದರೆ ಎರಡೂ ಎಳೆಯಿರಿ, ಬಿಟ್ಟರೆ ಎರಡೂ ಬಿಡಿ ಎಂದೆ. "ಆಯ್ತು ಸಾರ್" ಎಂದವರು ಸ್ವಲ್ಪ ಸುಮ್ಮನಿದ್ದು ಕೇಳಿದರು: "ನೀವು ಬರೋಕೆ ಮುಂಚೆನೇ ಒಂದು ಟ್ವೀಟರ್ ತರಿಸಿಬಿಟ್ಟಿದ್ದೆ, ಅದನ್ನೇನು ಮಾಡ್ಲಿ?"